ತೆರೆಯತಕ್ಕದ್ದು, ಓದತಕ್ಕದ್ದಲ್ಲ

ಕುಂದಾಪುರದ ನಮ್ಮ ದೋಣಿ ಪರವಾನಗಿ ಕಚೇರಿಯಿಂದ ಹೊರಟ ಪ್ರತಿಯೊಂದು ಪತ್ರವೂ ಸೇರಬೇಕಾದವರಿಗೆ ಸೇರಿದೆ, ಅವರು ಅದನ್ನು ತೆರೆದಿದ್ದಾರೆ. ೨೦೧೩ನೇ ಇಸವಿಯ ಮಟ್ಟಿಗೆ ಇದು ಶೇಕಡಾ ನೂರು ಸತ್ಯ. ಹೊರಹೋಗುವ ಪತ್ರಗಳಿಗೆ ನಂಬರು ಕೊಡುವ ಜಾವಕ ಶಾಖೆಯ ಗುಮಾಸ್ತ ನಾನು, ಆದ್ದರಿಂದ ಈ ಮಾತಿಗೆ ನಾನೇ ಸಾಕ್ಷಿ.

ಅದಕ್ಕೆ ಮೊದಲು ಎಲ್ಲವೂ ಕಾಗದದಲ್ಲಿ ನಡೆಯುತ್ತಿತ್ತು. ಅಂಚೆಯವರು ಕಡಲತೀರದ ಕೋಡಿ ಊರಿನ ತನಕ ಸೈಕಲ್ ತುಳಿದು, ಪತ್ರವನ್ನು ಮನೆಯವರ ಕೈಗೇ ಕೊಟ್ಟು, ಚಾ ಕುಡಿದು, ಓದಲು ಬಾರದವರಿಗೆ ಓದಿಯೂ ಹೇಳಿ ಬರುತ್ತಿದ್ದರು. ಈ ಪದ್ಧತಿಯಲ್ಲಿ ಒಂದು ದೊಡ್ಡ ದೋಷವಿತ್ತು: ಪತ್ರ ತೆರೆದದ್ದು ಮೇಲಿನ ಕಚೇರಿಯವರಿಗೆ ಕಾಣುತ್ತಿರಲಿಲ್ಲ.

ಈ ದೋಷ ನಿವಾರಣೆಗೆಂದು ಆ ವರ್ಷ ಜೂನ್‌ನಲ್ಲಿ ‘ಜಾವಕ ನೇತ್ರ’ ಎಂಬ ವೆಬ್ ತಂತ್ರಾಂಶ ಬಂತು. ಅರ್ಜಿ ಆನ್‌ಲೈನ್, ಉತ್ತರ ಇ-ಮೇಲ್. ಹೋದ ಪ್ರತಿ ಇ-ಮೇಲಿನ ಮುಂದೆಯೂ ಪರದೆಯ ಮೇಲೆ ಒಂದು ಚುಕ್ಕೆ. ಹೊರಟಾಗ ಕೆಂಪು, ಆಚೆಯವರು ತೆರೆದ ಕೂಡಲೇ ಹಸಿರು. ಉದ್ಘಾಟನೆಯ ದಿನ ನಮ್ಮ ಅಧಿಕಾರಿ ಚಂದಯ್ಯನವರು ತಮಗೆ ತಾವೇ ಒಂದು ಶುಭಾಶಯ ಪತ್ರ ಕಳುಹಿಸಿ, ತಾವೇ ತೆರೆದು, ಚುಕ್ಕೆ ಹಸಿರಾದದ್ದನ್ನು ಎಲ್ಲರಿಗೂ ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಗೋಡಂಬಿ ಹಾಕಿದ ಉಪ್ಪಿಟ್ಟು ಇತ್ತು.

ಕೋಡಿಯ ಮೀನುಗಾರರಿಗೆ ಇ-ಮೇಲ್ ವಿಳಾಸ ಎಲ್ಲಿಂದ ಬರಬೇಕು? ಬಸ್‌ಸ್ಟ್ಯಾಂಡಿನ ಬಳಿ ಪ್ರೇಮಾನಂದನ ಝೆರಾಕ್ಸ್ ಅಂಗಡಿ ಇದೆ. ಅವನಲ್ಲಿಗೆ ಹೋಗಿ ಅರ್ಜಿ ತುಂಬಿಸುವುದು ಊರಿನ ವಾಡಿಕೆ. ವಿಳಾಸದ ಅಂಕಣ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ. ಹಾಗಾಗಿ ಪ್ರೇಮಾನಂದ ಎಲ್ಲರ ಅರ್ಜಿಗೂ ತನ್ನ ವಿಳಾಸವನ್ನೇ ಹಾಕಿದ. ನಾನೂರ ಹನ್ನೆರಡು ದೋಣಿಗಳ ಪತ್ರಗಳೆಲ್ಲ ಅವನೊಬ್ಬನ ಪೆಟ್ಟಿಗೆಗೆ ಬಂದು ಬೀಳತೊಡಗಿದವು. ಮೊದಲ ತಿಂಗಳು ಪಾಪ ಎಲ್ಲವನ್ನೂ ತೆರೆದ, ಪ್ರಿಂಟ್ ತೆಗೆದ, ಮೀನು ಪೇಟೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸಿದ. ಎರಡನೇ ತಿಂಗಳು ಅವನಿಗೂ ಸಾಕಾಯಿತು.

ಪರದೆಯ ತುಂಬ ಕೆಂಪು. ಮೇಲಿನ ಕಚೇರಿಯಿಂದ ಆದೇಶ ಬಂತು: ತಿಂಗಳ ಕೊನೆಯೊಳಗೆ ಚುಕ್ಕೆಗಳು ಹಸಿರಾಗದಿದ್ದರೆ ಈ ಕಚೇರಿಯನ್ನು ಬೈಂದೂರು ಕಚೇರಿಯೊಂದಿಗೆ ವಿಲೀನಗೊಳಿಸಲಾಗುವುದು. ಚಂದಯ್ಯನವರ ಮನೆ ಬ್ರಹ್ಮಾವರದಲ್ಲಿ. ಬೈಂದೂರೆಂದರೆ ದಿನಾ ಎರಡು ಬಸ್ಸು. ಸೇವೆಯಲ್ಲಿ ಅಷ್ಟು ಗಂಭೀರವಾಗಿದ್ದ ಅವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈ ನಡುವೆ ಕೋಡಿಯ ಶೀನಣ್ಣ ದಿನಾ ಕೌಂಟರಿಗೆ ಬರುತ್ತಿದ್ದ. ಐವತ್ತು ದಾಟಿದ ಆಳು, ಒಂದೇ ದೋಣಿ. ಪರವಾನಗಿ ನವೀಕರಣದ ಕಾಗದವಿಲ್ಲದೆ ಕಡಲಿಗಿಳಿದರೆ ದೋಣಿ ಜಪ್ತಿ. ನೂಲ ಹುಣ್ಣಿಮೆಗೆ ಸಮುದ್ರಪೂಜೆಯಾಗಿ ಊರಿನವರ ದೋಣಿಗಳೆಲ್ಲ ಬಂಗುಡೆ ಮೀನಿಗೆ ಹೊರಟಿದ್ದವು. ಶೀನಣ್ಣನ ದೋಣಿ ಮರಳಿನ ಮೇಲೆಯೇ ಇತ್ತು.

“ನಮ್ಮ್ ಕಾಗ್ದ ಎಂತ ಆಯ್ತ್ ಮಾರಾಯ್ರೆ?”

“ತಯಾರಾಗ್ತಾ ಇದೆ ಶೀನಣ್ಣ. ಆದ ಕೂಡಲೇ ಇ-ಮೇಲ್ ಬರುತ್ತದೆ.”

“ಅದ್ ಬಂದದ್ದ್ ನಂಗೆ ಹ್ಯಾಂಗ್ ಗೊತ್ತಾಪ್ದ್?”

ಪ್ರಶ್ನೆ ನ್ಯಾಯವಾದದ್ದು. ನಾನು ಸಭೆಯಲ್ಲಿ, ಬಂದವರ ಕೈಗೇ ಒಂದು ಪ್ರತಿ ಕೊಟ್ಟರೆ ಹೇಗೆ ಎಂದು ಸೂಚಿಸಿದೆ. ಚಂದಯ್ಯನವರು ನನ್ನನ್ನು ಕನಿಕರದಿಂದ ನೋಡಿದರು. “ಕೈಗೆ ಕೊಟ್ರೆ ಚುಕ್ಕೆ ಹಸ್ರಾತ್ತಾ?” ಎಂದು ಕೇಳಿದರು. ಆಗುವುದಿಲ್ಲ ಎಂದು ಒಪ್ಪಿಕೊಂಡೆ. ಅಂದೇ ಸುತ್ತೋಲೆ ಹೊರಟಿತು: ‘ಪತ್ರಗಳನ್ನು ಸಾರ್ವಜನಿಕರಿಗೆ ಖುದ್ದಾಗಿ ಕೊಡುವುದು ನಿಗಾವಣೆಗೆ ಒಳಪಡದ ರವಾನೆಯಾಗಿದ್ದು, ಅದನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು.’

ಕೊನೆಗೆ ಪ್ರೇಮಾನಂದನನ್ನೇ ಕರೆಸಿದರು. ಅವನು ತನ್ನ ಪೆಟ್ಟಿಗೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟ. “ಇನ್ನ್ ನೀವೇ ಕಂಡ್ಕಣಿ ಹ್ವಾಯ್, ನಂಗೆ ಬೇರೆ ಕೆಲ್ಸ ಇತ್ತ್” ಎಂದು ಹೇಳಿ ಹೋದ. ತನಗೆ ಬೇರೆ ಇ-ಮೇಲ್ ವಿಳಾಸ ಮಾಡಿಕೊಂಡನಂತೆ. ಹೀಗೆ ನಾನೂರ ಹನ್ನೆರಡು ಮಂದಿಯ ಪತ್ರಪೆಟ್ಟಿಗೆ ಸರಕಾರದ ವಶಕ್ಕೆ ಬಂತು. ನಾವು ಕಳುಹಿಸಿದ್ದನ್ನು ನಾವೇ ತೆರೆಯಬಹುದಾಯಿತು.

ಆದರೆ ಕಳುಹಿಸುವ ನೌಕರನೇ ತೆರೆದರೆ ಲೆಕ್ಕಪರಿಶೋಧನೆಯವರು ಆಕ್ಷೇಪ ಎತ್ತುತ್ತಾರೆ. ತೆರೆಯುವವನು ಸಾರ್ವಜನಿಕನೇ ಆಗಿರಬೇಕು. ದಿನಗೂಲಿಯ ಮೇಲೆ ‘ಪತ್ರ ತೆರೆಯುವವ’ ಎಂಬ ಒಂದು ಹುದ್ದೆ ಸೃಷ್ಟಿಯಾಯಿತು. ಕಚೇರಿಯಲ್ಲಿ ದಿನಾ ಕಾಣಸಿಗುವ ಸಾರ್ವಜನಿಕ ಒಬ್ಬನೇ. ದೋಣಿ ದಡದಲ್ಲಿದ್ದುದರಿಂದ ಅವನಿಗೆ ಬೇರೆ ಕೆಲಸವೂ ಇರಲಿಲ್ಲ. ಶೀನಣ್ಣ ಆಗಸ್ಟ್ ಇಪ್ಪತ್ತಾರಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೆಲಸಕ್ಕೆ ಹಾಜರಾದ.

ಅವನಿಗೆ ಕೊಟ್ಟ ಆದೇಶದಲ್ಲಿ ಮುಖ್ಯವಾದದ್ದು ಮೂರನೇ ನಿಯಮ. ‘ಪತ್ರಗಳು ಅನ್ಯರ ಖಾಸಗಿ ವಿಷಯವಾದ್ದರಿಂದ ಸದರಿ ನೌಕರನು ಅವುಗಳನ್ನು ತೆರೆಯತಕ್ಕದ್ದು, ಓದತಕ್ಕದ್ದಲ್ಲ.’ ಶೀನಣ್ಣ ಏಳನೇ ಕ್ಲಾಸು ಓದಿದವ, ಕನ್ನಡ ಚೆನ್ನಾಗಿ ಬರುತ್ತದೆ. ಅದಕ್ಕೇ ಅವನಿಗೆ ಈ ನಿಯಮ ಕಷ್ಟವಾಯಿತು. ಕಣ್ಣಿಗೆ ಬಿದ್ದರೆ ಓದಿಸಿಕೊಂಡು ಹೋಗುತ್ತದಲ್ಲ. ಎರಡು ದಿನ ಯೋಚಿಸಿ ಅವನೇ ಒಂದು ಉಪಾಯ ಮಾಡಿಕೊಂಡ. ಮೌಸಿನ ಮೇಲೆ ಬೆರಳಿಟ್ಟು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಒತ್ತುವುದು. ಮುಚ್ಚಿದ ಮೇಲೆ ತಿರುಗುವುದು. ಇಷ್ಟು ಪ್ರಾಮಾಣಿಕ ನೌಕರನನ್ನು ನನ್ನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತೇನೆ.

ಚುಕ್ಕೆಗಳು ಹಸಿರಾದವು. ಕಚೇರಿ ಕುಂದಾಪುರದಲ್ಲೇ ಉಳಿಯಿತು. ಜಿಲ್ಲೆಗೇ ಪ್ರಥಮ ಎಂದು ಚಂದಯ್ಯನವರಿಗೆ ಶಾಲು ಹೊದಿಸಿದರು. ಅವರು ಅದನ್ನು ದೊಡ್ಡ ಮನಸ್ಸಿನಿಂದ ಶೀನಣ್ಣನಿಗೂ ಒಂದು ಕ್ಷಣ ಹೊದಿಸಿ ಫೋಟೋ ತೆಗೆಸಿ ವಾಪಸು ತೆಗೆದುಕೊಂಡರು.

ಅಕ್ಟೋಬರ್ ಏಳರಂದು ಶೀನಣ್ಣನ ಹೆಂಡತಿ ಉಮಾವತಿ ಬಂದಳು. ಮೀನು ಮಾರಿ ಊರೂರು ತಿರುಗಿದವಳು, ಕೌಂಟರಿಗೆಲ್ಲ ಹೆದರುವ ಪೈಕಿ ಅಲ್ಲ. ಗಂಡ ಮೂಲೆಯ ಮೇಜಿನಲ್ಲಿ ಕಿಟಕಿ ನೋಡುತ್ತ ಕುಳಿತಿದ್ದ. ಅವಳು ನೇರ ನನ್ನ ಮುಂದೆ ನಿಂತಳು.

“ಬಂಗ್ಡಿ ಎಲ್ಲ ಮುಗುಕೆ ಬಂತ್. ನಮ್ಮ್ ದೋಣಿ ಕಾಗ್ದ ಕೊಡುಕಿತ್ತಾ ಇಲ್ಯಾ, ಒಂದ್ ಹೇಳಿ.”

ನಾನು ‘ಜಾವಕ ನೇತ್ರ’ದಲ್ಲಿ ಹುಡುಕಿದೆ. ಇತ್ತು. ಪರವಾನಗಿ ಮಂಜೂರು, ಆಗಸ್ಟ್ ಇಪ್ಪತ್ತೊಂಬತ್ತು. ಅಂದೇ ಬೆಳಿಗ್ಗೆ ಹನ್ನೊಂದು ನಲವತ್ತೆರಡಕ್ಕೆ ತೆರೆಯಲಾಗಿದೆ. ಹಸಿರು.

“ಕಳುಹಿಸಿಯಾಗಿದೆ ಉಮಕ್ಕ. ತೆರೆದೂ ಆಗಿದೆ.”

“ಯಾರ್ ತೆರ್ದದ್ದ್?”

ನಾನು ಮೂಲೆಯ ಮೇಜಿನ ಕಡೆ ನೋಡಿದೆ. ಅವಳೂ ನೋಡಿದಳು. ಶೀನಣ್ಣ ಕುರ್ಚಿಯಿಂದ ಎದ್ದು ನಿಂತ.

“ತೆರ್ದದ್ದ್ ನಾನೇ ಇರ್ಕ್” ಎಂದ. “ಆದ್ರೆ ಓದುಕಿಲ್ಲೆ ಅಲ್ದಾ.”

ಉಮಾವತಿ ನನ್ನ ಕಡೆ ತಿರುಗಿ ಕೈ ಚಾಚಿದಳು. “ಹಾಂಗಾರೆ ಈಗ ಕೊಡಿ” ಎಂದಳು.

ಆ ಪತ್ರದ ಕೆಳಗೆ ಒಂದು ಷರತ್ತಿತ್ತು: ತೆರೆದ ಮೂವತ್ತು ದಿನದೊಳಗೆ ದೋಣಿ ಕಡಲಿಗಿಳಿಯದಿದ್ದರೆ ಪರವಾನಗಿ ರದ್ದು. ರದ್ದತಿ ಪತ್ರವೂ ಹೋಗಿತ್ತು. ಉಮಾವತಿ ಬಂದ ದಿನವೇ ಬೆಳಿಗ್ಗೆ ಹತ್ತೂವರೆಗೆ ಅದನ್ನು ತೆರೆಯಲಾಗಿತ್ತು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಪ್ರಿಂಟರ್ ನನ್ನ ಮೊಣಕೈ ಪಕ್ಕದಲ್ಲೇ ಇತ್ತು, ಕೂಗಳತೆಯಲ್ಲಿ ಚಂದಯ್ಯನವರೂ ಇದ್ದರು. ನಾನು ಪ್ರಿಂಟರ್ ಮುಟ್ಟಲಿಲ್ಲ, ಪರವಾನಗಿ ರದ್ದಾಗಿದೆ ಎಂದಷ್ಟೇ ಬಾಯಲ್ಲಿ ಹೇಳಿದೆ.

ಚಂದಯ್ಯನವರು ಹೊರಗೆ ಬಂದು ವಿಷಯ ಕೇಳಿ, ದಾರಿ ತೋರಿಸಿದರು. “ಮೇಲ್ಮನವಿ ಹಾಕುಕೆ ಏಳ್ ದಿನ ಅವಕಾಶ ಇತ್ತ್. ಆನ್‌ಲೈನ್ ಹಾಕಿ. ಉತ್ರ ಇ-ಮೇಲಿಗೆ ಬತ್ತ್.”

“ಯಾರ್ ಇ-ಮೇಲಿಗೆ?”

“ಪ್ರೇಮಾನಂದನ ಹಳೇದಿಕ್ಕೇ. ವಿಳಾಸ ಬದ್ಲ್ ಮಾಡುಕೆ ತಂತ್ರಾಂಶದಲ್ಲ್ ಜಾಗ ಇಲ್ಲೆ.”

ಉಮಾವತಿ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ದೋಣಿ ಹೋಯಿತು, ಉಳಿದದ್ದು ಗಂಡನ ದಿನಗೂಲಿ. ಅವಳು ಬುತ್ತಿಯ ಚೀಲವನ್ನು ಅವನ ಮೇಜಿನ ಮೇಲಿಟ್ಟಳು.

“ಉತ್ರ ಬಂದ್ರೆ ನೀವೇ ತೆರೂದಾ?”

“ನಾನೇ. ಮತ್ಯಾರ್?” ಎಂದ ಶೀನಣ್ಣ.

“ಆಯ್ತ್, ತೆರಿನಿ” ಎಂದಳು ಉಮಾವತಿ. “ಮುಖ ಮಾತ್ರ ಆ ಬದಿಗೆ ತಿರ್ಗ್ಸ್ಕಣಿ. ಇದ್ದ್ ಒಂದ್ ಕೆಲ್ಸವೂ ಹೋತ್ತ್ ಮತ್ತೆ.”