ಬೋಟ್ ಬಂತು, ಮೀನು ಬಂತು

ಒಂದು ಗುಂಡಿ ಒತ್ತಿದರೆ ನಾಲ್ಕು ಕಡೆ ಸುದ್ದಿ ಮುಟ್ಟುವಂಥ ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಬರೆಯುವುದೇನೋ ಬರೆದುಬಿಡಬಹುದು ಮಾರಾಯ್ರೆ, ಸುದ್ದಿ ಮುಟ್ಟಿದವರನ್ನು ಸಂಭಾಳಿಸುವುದರಲ್ಲೇ ಜೀವ ಹೋಗುತ್ತದೆ.

೧. ಯಾರು ಕೇಳ್ತಾರೆ?

ಹೊನ್ನಾವರದ ಒಬ್ಬ ಬೋಟಿನ ಯಜಮಾನರಿಗೆ ವಿವರಿಸುತ್ತಿದ್ದೆ. "ಬೋಟ್ ಅಳಿವೆ ದಾಟಿದ ಕೂಡ್ಲೇ ಅದನ್ನು ನಡೆಸುವ ತಾಂಡೇಲ ಮೊಬೈಲಿನಲ್ಲಿ 'ಬಂತು' ಅಂತ ಒತ್ತಬೇಕು. ಅದು ಇವೆಂಟ್. ಸುದ್ದಿ ಹಂಚುವ ಡಿಸ್ಪ್ಯಾಚರ್ ಅದನ್ನು ಎಲ್ಲ ಲಿಸನರ್‌ಗಳಿಗೆ, ಅಂದ್ರೆ ಸುದ್ದಿ ಬೇಕು ಅಂತ ಹೆಸರು ಕೊಟ್ಟವರಿಗೆಲ್ಲ, ಮುಟ್ಟಿಸ್ತದೆ. ಯಾರ್ಯಾರು ಕೇಳ್ತಿದ್ದಾರೆ ಅಂತ ಹೇಳುವವನಿಗೆ ಗೊತ್ತಿರಬೇಕಂತ ಇಲ್ಲ."

ಯಜಮಾನರು ತಲೆಯಾಡಿಸಿದರು. "ಆತು ಬಿಡು, ಅರ್ಥ ಆಯ್ತು. ನಾನು ಮನೇಲಿ ಮಾತಾಡಿದ ಹಾಗೇ."

೨. ಎರಡು ಟೆಂಪೋ

ಮೀನು ಸಾಗಿಸುವ ಭಟ್ಕಳದ ಟೆಂಪೋದವನು ಮೊಬೈಲಿನಲ್ಲಿ ನಮ್ಮ ಪುಟ ತೆರೆದಾಗಲೆಲ್ಲ ಅವನ ಹೆಸರು ಲಿಸನರ್‌ಗಳಲ್ಲಿ ಮತ್ತೊಮ್ಮೆ ಸೇರುತ್ತಿತ್ತು. ಒಂದು ದಿನ ಅವನಿಗೆ 'ಬಂತು' ಎಂದು ಎರಡು ಸಲ ಹೋಯಿತು. ಎರಡು ಬೋಟೆಂದುಕೊಂಡು ಭಾವನ ಟೆಂಪೋವನ್ನೂ ಕರೆತಂದ. ಇದ್ದದ್ದು ಒಂದೇ ಬುಟ್ಟಿ ಬಂಗಡೆ.

"ಅರೇ ಭಾಯ್, ಮೀನು ಒಂದ್ರಲ್ಲಿ ಹಾಕ್ತೇನೆ, ಇನ್ನೊಂದ್ರಲ್ಲಿ ನಿಮ್ಮ ಕಂಪ್ಯೂಟರ್ ಹಾಕಿ. ಮೀನಿಲ್ಲದ ದಿನ ನನ್ನನ್ನು ಕರೀಲೇಬೇಡಿ!"

ಎರಡನೇ ಹೆಸರು ಅಳಿಸಿದೆ. ತಾಂಡೇಲ ಬರೆಯುವ ಬುಟ್ಟಿ ಲೆಕ್ಕ ಸೊನ್ನೆಯಾಗಿದ್ದರೆ ಗುಂಡಿ ಒತ್ತಿದರೂ ಸುದ್ದಿ ಹೋಗದಂತೆ ಷರತ್ತನ್ನೂ ಹಾಕಿದೆ.

೩. ಬದನೇಕಾಯಿ

ತಾಂಡೇಲನ ಹೆಂಡತಿ ಕುಮಟೆಯವರು. ಅವರೂ ಹಟ ಹಿಡಿದು ಲಿಸನರ್ ಆಗಿದ್ದರು. ಅದೊಂದು ದಿನ ಗಾಳಿ ಜೋರಿತ್ತು. ಬೋಟ್ ಖಾಲಿ ಬಲೆಯೊಂದಿಗೆ ಬಂತು. ತಾಂಡೇಲ ಬುಟ್ಟಿ ಸೊನ್ನೆ ಎಂದು ಬರೆದು 'ಬಂತು' ಒತ್ತಿದ, ಅಷ್ಟಕ್ಕೆ ಮೊಬೈಲಿನ ಚಾರ್ಜ್ ಮುಗಿಯಿತು. ಸುದ್ದಿ ಹೋಯಿತೆಂದುಕೊಂಡು ನಿಶ್ಚಿಂತೆಯಿಂದ ಬೋಟ್ ಕಟ್ಟುವ ಧಕ್ಕೆಯಲ್ಲೇ ಎಂಜಿನ್ ರಿಪೇರಿಗೆ ಕೂತ. ಇತ್ತ ಈಕೆ ಅವನು ಮನೆ ಮುಟ್ಟುವವರೆಗೂ ಮೊಬೈಲ್ ನೋಡುತ್ತ ಅತ್ತದ್ದೇ ಅತ್ತದ್ದು.

ಮರುದಿನ ಗಂಡನನ್ನೂ ಎಳೆದುಕೊಂಡು ನನ್ನ ಆಫೀಸಿಗೆ ಬಂದರು.

"ಅಕ್ಕಾ, ಮೀನಿಲ್ದಿದ್ರೆ ಸುದ್ದಿ ಹೋಗೂದಿಲ್ಲ" ಎಂದೆ.

"ಮೀನು ಬರ್ಲಿಲ್ಲ ಅಂದ್ರೆ ಗಂಡನೂ ಬರ್ಲಿಲ್ಲ ಅಂತ್ಲೋ ತಮ್ಮಾ?"

ಬೋಟೆಂದರೆ ನನಗೆ ಮೀನಷ್ಟೇ ಆಗಿತ್ತು. ಅದರಲ್ಲಿ ಮನುಷ್ಯರಿರುತ್ತಾರೆ ಎಂಬುದೇ ಹೊಳೆದಿರಲಿಲ್ಲ. ಅಲ್ಲೇ ಕೂತು ಇವೆಂಟನ್ನು ಎರಡು ಮಾಡಿದೆ: 'ಬೋಟ್ ಬಂತು', 'ಮೀನು ಬಂತು'.

"ನಿಮಗೆ ಎರಡೂ ಬೇಕಾ ಅಕ್ಕಾ?"

"ಬೋಟಿಂದು ಒಂದು ಸಾಕು. ಮೀನು ಬರದಿದ್ರೆ ಬದನೇಕಾಯಿ ಸಾರು ಮಾಡಬಹುದು. ಇವ್ರು ಬರದಿದ್ರೆ ನಾನು ಎಂತ ಮಾಡೂದು?" ಎನ್ನುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತು ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ ತಾಂಡೇಲ ಗಾಬರಿಯಿಂದ ತಲೆಯೆತ್ತಿದ.

"ಬದನೇಕಾಯಾ? ಹಾಗಾದ್ರೆ ಇನ್ನೊಂದು ಸಲ ಬಲೆ ಹಾಕಿಯೇ ಬರ್ತೆ!"