ಅವ್ವನ ಮೊಣಕಾಲು, ನನ್ನ ರೊಟ್ಟಿ

ಮೂಳೆ ಡಾಕ್ಟರರ ಲ್ಯಾಬಿನಲ್ಲಿ ನಗುವಂಥದ್ದೇನು ನಡೆದೀತು ಎಂದು ಕೇಳುವವರು ನಮ್ಮ ಹೊಸಪೇಟೆ ಕಡೆಯ ಮೊಣಕಾಲುಗಳನ್ನು ಕಂಡವರಲ್ಲ. ನನಗಂತೂ ವಾರಕ್ಕೊಂದು ಪ್ರಸಂಗ ತಾನಾಗಿಯೇ ಬಾಗಿಲು ತಳ್ಳಿಕೊಂಡು ಬರುತ್ತಿತ್ತು.

ಅದಿರಿನ ಲಾರಿಗಳು ಊರಿನ ಗೋಡೆ, ಗಿಡ, ಒಣಹಾಕಿದ ಅಂಗಿ ಎಲ್ಲವನ್ನೂ ಕೆಂಪು ಮಾಡುತ್ತಿದ್ದ ಕಾಲ ಅದು. ನಮ್ಮ ಡಾಕ್ಟರು ಎಲ್ಲೋ ಹೋಗಿ ಹೊಸ ಚಿಕಿತ್ಸೆ ಕಲಿತು ಬಂದಿದ್ದರು. ಸವೆದ ಮೊಣಕಾಲಿಗೆ ರೋಗಿಯದೇ ರಕ್ತ ಮದ್ದು. ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ಹಳದಿ ದ್ರವ ಮೇಲೆ ನಿಲ್ಲುತ್ತದೆ. ಗಾಯ ಮಾಯಿಸುವ ಪ್ಲೇಟ್‌ಲೆಟ್‌ಗಳು ಇರುವುದು ಆ ಹಳದಿಯಲ್ಲಿ. ಅದನ್ನು ಮೊಣಕಾಲಿಗೆ ಚುಚ್ಚುವವರು ಡಾಕ್ಟರು, ರಕ್ತ ತಿರುಗಿಸುವವನು ನಾನು. "ಎಲ್ಲಾರಿಗೂ ಹತ್ತಂಗಿಲ್ರಿ, ಹತ್ತಿದವ್ರಿಗೆ ಹಗುರಾಗ್ತೈತಿ" ಎಂದು ಡಾಕ್ಟರು ಮೊದಲೇ ಹೇಳಿಬಿಡುತ್ತಿದ್ದರು.

ಇಂಥ ಚಿಕಿತ್ಸೆ ಬೇಕಾಗಿದ್ದದ್ದು ನನ್ನ ಮನೆಯಲ್ಲೇ. ಅವ್ವನಿಗೆ ಮೊಣಕಾಲು ಸವೆದು ನೆಲಕ್ಕೆ ಕೂರಲು ಬರುತ್ತಿರಲಿಲ್ಲ. ಗ್ಯಾಸ್ ಒಲೆಯನ್ನೂ ನೆಲದ ಮೇಲೇ ಇಟ್ಟುಕೊಂಡವಳು ಅವಳು. ನಿಂತು ಬಡಿದದ್ದು ರೊಟ್ಟಿಯೇ ಅಲ್ಲ ಎನ್ನುವುದು ಅವಳ ಹಟ. "ಒಂದ ಸಲ ನೆಲಕ್ಕ ಕುಂತು ರೊಟ್ಟಿ ಬಡದ್ರ ಸಾಕಪ್ಪ, ಮತ್ತೇನೂ ಬ್ಯಾಡ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಗಾದರೆ ಬಾ ಎಂದರೆ, "ಸೂಜಿ ಬ್ಯಾಡ!" ನನಗಿನ್ನೂ ಮದುವೆಯಾಗಿರಲಿಲ್ಲ. ಆದ್ದರಿಂದ ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಸಂಜೆ ಕುಕ್ಕರಗಾಲಲ್ಲಿ ಕೂತು ಬಡಿಯುತ್ತ, ಲ್ಯಾಬಿನ ಕಥೆ ಹೇಳಿ ಅವಳಿಗೆ ಧೈರ್ಯ ತುಂಬುತ್ತಿದ್ದೆ.

ತಳದಾಗಿನ ಮಾಲು

ಸಂಡೂರಿನ ಗಣಿಯೊಂದರ ಮೇಸ್ತ್ರಿ ಬಂದಿದ್ದರು. ತಮ್ಮ ರಕ್ತ ತಿರುಗುವುದನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಟ್ಯೂಬ್ ಹೊರತೆಗೆದು ಮೇಲಿನ ಹಳದಿಗೆ ನಾನು ಸಿರಿಂಜ್ ಇಳಿಸಿದ್ದೇ ತಡ, ಕೈ ಹಿಡಿದುಬಿಟ್ಟರು.

"ಏ ತಮ್ಮಾ, ಏನ್ ಮಾಡಾಕತ್ತಿ?"

"ಹಳದೀದು ತಗೋತೀನ್ರಿ. ಕೆಂಪುದು ಒಗಿಯೋದು."

"ಇಪ್ಪತ್ತು ವರ್ಷ ಆತು ನಾ ಗಣ್ಯಾಗ. ಮ್ಯಾಲಿಂದು ಕೆರದು ಬಾಜೂಕ ಒಗಿತೀವಿ, ತಳದಾಗ ಕೆಂಪು ಬಂತಂದ್ರ ಅದ ಮಾಲು. ನೀ ಉಲ್ಟಾ ಮಾಡಾಕತ್ತೀಯಲ್ಲೋ!"

ಡಾಕ್ಟರೇ ಬಂದು ತಿಳಿಹೇಳಿದರು. ಮೇಸ್ತ್ರಿ ಒಪ್ಪಿದರು, ಆದರೆ ಕೆಂಪು ರಕ್ತ ಕಸದ ಬುಟ್ಟಿಗೆ ಬೀಳುವಾಗ ಮುಖ ಆಚೆ ತಿರುಗಿಸಿಕೊಂಡರು. ಚುಚ್ಚಿದ ಮೇಲೆ ಡಾಕ್ಟರು, "ಭಾಳ ನೋವಾತೇನ್ರಿ?" ಎಂದರು.

"ಕಾಲಿಂದು ಇರ್ಲಿ ಬಿಡ್ರಿ ಸಾಹೇಬ್ರ. ಅಷ್ಟು ಮಸ್ತ್ ಮಾಲು ಬುಟ್ಟಿಗೆ ಹೋತಲ್ಲ, ಅದ ನೋವು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನೀನೂ ಬಾ" ಎಂದೆ. "ಬ್ಯಾಡ" ಎಂದು ನನ್ನ ರೊಟ್ಟಿಯನ್ನು ಎರಡೂ ಕೈಯಿಂದ ಮುರಿಯತೊಡಗಿದಳು.

ತೂಕಕ್ಕೆ ನೀರು

ನಮ್ಮ ಆಸ್ಪತ್ರೆಯ ಚಹಾಕ್ಕೆ ಹಾಲು ಹಾಕುವಾಕೆ ಕಡ್ಡಿರಾಂಪುರದವಳು. ಅವಳ ಮೊಣಕಾಲಿನ ಸರದಿಯೂ ಬಂತು. ಯಂತ್ರಕ್ಕೆ ಒಂದೇ ಕಡೆ ಟ್ಯೂಬ್ ಇಟ್ಟರೆ ಅದು ಗಡಗಡ ಕುಣಿಯುತ್ತದೆ. ಅದಕ್ಕೆ ಎದುರುಗಡೆ ಅಷ್ಟೇ ತೂಕದ ನೀರಿನ ಟ್ಯೂಬ್ ಇಡುತ್ತೇವೆ. ನಾನು ನೀರು ತುಂಬುವುದನ್ನು ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ತಮ್ಮಾ, ನೀರು ಹಾಕಿದಿ."

"ತೂಕಕ್ಕ ಹಾಕ್ತೀವಿ ಯವ್ವಾ."

ಅವಳ ಮುಖ ಅರಳಿತು. "ನಾವೂ ಅದಕ್ಕ ಹಾಕೋದಪ್ಪ!"

ಅಂದಿನಿಂದ ಚಹಾ ಎಷ್ಟು ತೆಳ್ಳಗಾದರೂ ನಾನು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಎಲ್ಲರ ಎದುರೂ, "ನಾನೂ ನೀನೂ ಒಂದ ಕಸಬಿನವ್ರು" ಎಂದು ಕಣ್ಣು ಹೊಡೆಯುತ್ತಿದ್ದಳು.

ಸೊಸೆಯ ರಕ್ತ

ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಹಿರಿಯಮ್ಮ ಜೀಪು ತುಂಬ ಜನರೊಂದಿಗೆ ಬಂದರು. ರಕ್ತ ಬೇಕು ಎಂದದ್ದಕ್ಕೆ, ಕೊಡಲೆಂದು ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಬಂದಿದ್ದರು. ಹಿರಿಯ ಮಗ ಅಂಗಿಯ ತೋಳು ಮಡಚಿ ನಿಂತ, ಕಿರಿಯ ಮಗ ಅವನನ್ನು ಸರಿಸಿ ಮುಂದೆ ಬಂದ. ಅಷ್ಟರಲ್ಲಿ ಸೊಸೆ ಬಳೆ ಹಿಂದೆ ಸರಿಸಿ, "ನಂದು ತಗೋರಿ, ನನ್ನ ಮೊಣಕಾಲು ಗಟ್ಟಿ ಅದಾವ" ಎಂದಳು.

ಹಿರಿಯಮ್ಮ ತಪಾಸಣೆಯ ಮೇಜಿನ ಮೇಲಿಂದ ಅರ್ಧ ಎದ್ದರು. "ಇಕಿ ರಕ್ತ ಬ್ಯಾಡ್ರಪ್ಪೋ! ಆಮ್ಯಾಲ ನಾ ಕುಂದ್ರು ಅಂದ್ರ ಮೊಣಕಾಲು ನಿಂದ್ರತೈತಿ!"

ಎಲ್ಲರಿಗಿಂತ ಹೆಚ್ಚು ನಕ್ಕವಳು ಸೊಸೆ. ಅವರ ರಕ್ತವೇ ಅವರಿಗೆ ಎಂದು ಬಿಡಿಸಿ ಹೇಳಿದಾಗ ಹಿರಿಯಮ್ಮ ಗಂಡುಮಕ್ಕಳಿಬ್ಬರನ್ನೂ ನೋಡಿ, "ಮತ್ತ ಇವ್ರನ್ನ ಯಾಕ ಕರ್ಕೊಂಡು ಬಂದ್ನಿ?" ಎಂದು ನನ್ನನ್ನೇ ಗದರಿದರು.

ಅವ್ವ ಒಪ್ಪಿದ್ದು

ಈ ಕಥೆ ಹೇಳಿದ ಮರುದಿನ ಅವ್ವ ಬೆಳಿಗ್ಗೆಯೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ, ಚುಚ್ಚಸ್ಕೋತೀನಿ." ನನ್ನ ಕಥೆಗಳು ಕೊನೆಗೂ ಕೆಲಸ ಮಾಡಿದವು ಎಂದು ಎದೆ ಉಬ್ಬಿತು. ಅವಳ ರಕ್ತ ತಿರುಗಿಸುವಾಗ ಮಾತ್ರ ಎದುರಿನ ನೀರಿನ ಟ್ಯೂಬನ್ನು ಎರಡೆರಡು ಸಲ ತೂಗಿ ನೋಡಿದೆ. ಮದ್ದು ಹತ್ತದವರ ಗುಂಪಿಗೆ ಅವ್ವ ಸೇರಿಬಿಟ್ಟರೆ ಎಂಬ ಹೆದರಿಕೆ.

ಡಾಕ್ಟರು ಹೇಳಿದರು: "ಯವ್ವಾ, ರಕ್ತದಾಗ ಬಿಳಿ ಕಣ ಅಂತ ಕಾವಲಗಾರರು ಅದಾರ. ಮೊದ್ಲು ಅವ್ರು ಒಳಗ ಜಗಳ ಹಚ್ಚಿ ಕಾಲಿಗೆ ಬಾವು ತರ್ತಾರ. ಆಮ್ಯಾಲ ಅವ್ರ ಪೈಕಿನ ಕೆಲವ್ರು ರಿಪೇರಿಗೆ ಕುಂದ್ರತಾರ. ಎಲ್ಡು ಮೂರು ದಿನ ತಡಕೋರಿ. ನನ್ನ ಕೇಳದ ನೋವಿನ ಗುಳಿಗಿ ನುಂಗಬ್ಯಾಡ್ರಿ."

"ನಮ್ಮ ಓಣಿ ನಳದ ಮುಂದನೂ ಹಿಂಗ ಆಗೋದು ಬಿಡ್ರಿ" ಎಂದಳು ಅವ್ವ.

ಮರುದಿನ ಕಾಲು ಬಾತಿತು. ಹಾಲು ತರಲು ಹೋದವನು ಹಿಂತಿರುಗಿದರೆ ಒಳಗಿನಿಂದ ಅವ್ವನ ಜೋರು ದನಿ: "ಏ, ಸಾಕು ಮಾಡ್ರಲೇ ಜಗಳ! ರಿಪೇರಿಗೆ ಹತ್ರಿ ಜಲ್ದಿ!" ಪಕ್ಕದ ಮನೆಯಾಕೆ ಗಾಬರಿಯಿಂದ ಓಡಿ ಬಂದು ನೋಡಿದರೆ, ಅವ್ವ ಒಬ್ಬಳೇ ಮೊಣಕಾಲಿಗೆ ಬೆರಳು ತೋರಿಸಿ ಬಯ್ಯುತ್ತಿದ್ದಳು.

ಬಾವು ಇಳಿಯಿತು. ವಾರಗಳು ಕಳೆದವು. ಡಾಕ್ಟರು ಅಪ್ಪಣೆ ಕೊಟ್ಟ ದಿನ ಅವರನ್ನೇ ಊಟಕ್ಕೆ ಕರೆದೆವು. ಅವ್ವ ಗೋಡೆ ಹಿಡಿದು ಒಲೆಯ ಮುಂದೆ ಮೆಲ್ಲಗೆ ಬಗ್ಗಿದಳು. ಡಾಕ್ಟರು ಉಸಿರು ಹಿಡಿದರು. ನಾನು ಹಿಟ್ಟಿನ ಡಬ್ಬಿ ಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಅವ್ವ ಕೂತಳು. ಪಟಪಟನೆ ಬಡಿದ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ನನಗೆ ಅಳುವೇ ಬಂತು.

"ಯವ್ವಾ, ಸೂಜಿಗೆ ಅಷ್ಟು ಹೆದರ್ತಿದ್ರಿ. ಮಗನ ಯಾವ ಕಥಿ ಕೇಳಿ ಧೈರ್ಯ ಬಂತು?" ಎಂದರು ಡಾಕ್ಟರು. ನಾನು ಸೆಟೆದು ಕೂತೆ.

"ಕಥಿ ಕೇಳಿ ಅಲ್ರಿ ಸಾಹೇಬ್ರ. ನಾಕು ತಿಂಗ್ಳು ಇವನ ರೊಟ್ಟಿ ತಿಂದೀನಿ. ಅದರ ಮುಂದ ನಿಮ್ಮ ಸೂಜಿ ಹೂವು!"

ಡಾಕ್ಟರು ನಗುತ್ತ ಗೋಡೆಗೆ ಒರಗಿದರು. ಸಿಟ್ಟಿನಿಂದ ಎದ್ದು ಹೋಗೋಣವೆಂದರೆ ನನ್ನ ಮೊಣಕಾಲು ಕಟಕ್ ಎಂದಿತು. ನಾಲ್ಕು ತಿಂಗಳು ಕುಕ್ಕರಗಾಲಲ್ಲಿ ಕೂತದ್ದಕ್ಕೆ ಸಿಕ್ಕ ಫಲ ಅದು. ಅವ್ವ ಗೋಡೆ ಹಿಡಿದು ತಾನೇ ಮೊದಲು ಎದ್ದು, ಹಿಟ್ಟಿನ ಕೈ ಚಾಚಿದಳು.

"ಏಳಪ್ಪ. ನಾಳೆ ನಿನ್ನ ರಕ್ತ ತಿರುಗ್ಸೋಣು. ನೀರಿನ ಟ್ಯೂಬ್ ನಾ ಹಿಡೀತೀನಿ."