ಡಲ್ ಸೀರೆಯ ಪರವಾಗಿ

ನಮ್ಮ ಚಳ್ಳಕೆರೆಯಲ್ಲಿ ‘ಡಲ್’ ಎಂಬುದೊಂದು ಪದ ಗೊತ್ತಿದ್ದರೆ ಸಾಕು, ಜೀವನ ಸಾಗಿಸಬಹುದು. ಶೇಂಗಾ ಮಾರ್ಕೆಟ್ಟು ಡಲ್, ಜ್ವರ ಬಿಟ್ಟ ಮಗು ಡಲ್, ಸಂಜೆಯಾದರೆ ಕರೆಂಟೂ ಡಲ್. ನನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚಿ ಕೂತರೆ, ದಾರಿಯಲ್ಲಿ ಹೋಗುವವನೂ ನಿಂತು “ಯಾಕಣ್ಣ, ಡಲ್ಲಾಗಿದೀಯಾ?” ಎನ್ನುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಡಲ್ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದರು. ಅವರ ಬೋರ್‌ವೆಲ್ ಮೋಟಾರು ಸುಟ್ಟಾಗ ಅದೇ ಡಲ್ ಹುಡುಗನೇ ಬೇಕಾದ! ಇದನ್ನೆಲ್ಲ ಸಹಿಸಿಕೊಂಡಿದ್ದೇನೆ. ಆದರೆ ನನ್ನ ಹೆಂಡತಿಯ ಸೀರೆಯನ್ನು ಡಲ್ ಎಂದರೆ ಮಾತ್ರ ಸುಮ್ಮನಿರಲಾರೆ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಸೀರೆಯನ್ನು ನಾನೇ ಆರಿಸಿ ತಂದಿದ್ದೆ. ಮೊಳಕಾಲ್ಮುರು ರೇಷ್ಮೆ, ಪರಶುರಾಂಪುರದಲ್ಲಿ ಅವಳ ತಮ್ಮನ ಗೃಹಪ್ರವೇಶಕ್ಕೆಂದು. ನಮ್ಮನ್ನು ಕರೆಯಲು ಬಂದಿದ್ದ ಅತ್ತೆಯವರು ಮಡಿಕೆ ಬಿಚ್ಚಿದ ಕೂಡಲೇ “ಕಲರ್ ಡಲ್ ಐತಲ್ಲಪ್ಪಾ” ಎಂದರು. ಜೊತೆಗಿದ್ದ ನಾದಿನಿ, “ಬೂದಿ ಬಣ್ಣ ಭಾವ! ಒಲೆ ಮುಂದೆ ಕುಂತ್ರೆ ಅಕ್ಕ ಕಾಣಂಗೇ ಇಲ್ಲ” ಎಂದು ನಕ್ಕಳು. ತವರಿನವರ ಮುಂದೆ ಹೆಂಡತಿಯ ಮುಖ ಚಿಕ್ಕದಾಯಿತು. ಎದ್ದು ನಿಂತೇಬಿಟ್ಟೆ.

“ಕೆಂಪು, ಗಿಣಿ ಹಸಿರು ಯಾರ್ ಬೇಕಾದ್ರೂ ಉಡ್ತಾರ್ರೀ. ಇದನ್ನ ಉಡಾಕೆ ಗತ್ತು ಬೇಕು. ಬೇಕಂತ್ಲೇ ಹುಡುಕಿ ತಂದೀನಿ!” ಎಂದು ಗುಡುಗಿದೆ. ಅತ್ತೆಯವರು ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಗೋಡೆ ಕಡೆ ತಿರುಗಿ ಕೂತರು.

ಬೇಕಂತಲೇ ತಂದೆ ಎಂಬುದು ಹಸಿ ಸುಳ್ಳು. ಮೊಳಕಾಲ್ಮುರಿನ ನೇಕಾರರ ಮನೆಗೆ ಹೋದವರು ಸೀರೆಯನ್ನು ಹೊಸಿಲಾಚೆ ತಂದು, ಬಿಸಿಲಿಗೆ ಹಿಡಿದು ನೋಡಿಯೇ ಒಪ್ಪುವುದು. ಮಗ್ಗದ ಕೋಣೆಯ ಬೆಳಕಿನಲ್ಲಿ ಬಣ್ಣವನ್ನು ನಂಬಬಾರದು. ನೇಕಾರ ಅಜ್ಜ “ಒಂದ್ಸಲ ಬಿಸ್ಲಿಗೆ ಹಿಡ್ದು ನೋಡ್ರೀ” ಎಂದು ಎರಡು ಬಾರಿ ಹೇಳಿದ. “ವೈರಿನ ಬಣ್ಣ ನೋಡೀನೇ ಜೀವ್ನ ಮಾಡೋನು ನಾನು. ನಂಗೇ ಹೇಳ್ಕೊಡ್ತೀಯಾ ಅಜ್ಜ?” ಎಂದು ಕಟ್ಟಿಸಿಕೊಂಡು ಬಸ್ಸು ಹತ್ತಿದ್ದೆ. ಆ ಕೋಣೆಯೊಳಗೆ ನನ್ನ ಕಣ್ಣಿಗೆ ಅದು ಅಪ್ಪಟ ನವಿಲು ನೀಲಿ!

ಗೃಹಪ್ರವೇಶದ ಬೆಳಿಗ್ಗೆ ಹೆಂಡತಿ ಅದನ್ನೇ ಉಟ್ಟು ಹೊರಬಂದಳು. ಅವಳ ಅಕ್ಕತಂಗಿಯರೆಲ್ಲ ಮತ್ತೆ ನಗುತ್ತಾರೆಂದು ನೆನೆದು ನನಗೆ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, “ಬೇರೇದು ಉಟ್ಕೊಳ್ಳೇ” ಎಂದು ಬೇಡಿಕೊಂಡೆ.

ಅವಳು ಸೆರಗು ಸರಿಮಾಡಿಕೊಂಡಳು. “ಇರ್ಲಿ ಬಿಡ್ರೀ. ನಿಮ್ಮನ್ನೇನು ಬಿಸ್ಲಿಗೆ ಹಿಡ್ದು ನೋಡಿ ಒಪ್ಕೊಂಡಿದ್ನಾ?”